ಯಾವ ನೀರಿಗೆ ಯಾವ ಪೇಸ್ಟು

ಒಬ್ಬರು: ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಸುತ್ತಿನ ಯಾವ ದಿನಸಿ ಅಂಗಡಿಗೆ ಹೋದರೂ ಪೇಸ್ಟಿನ ಸಾಲೇ ಅರ್ಧ ಗೋಡೆ ತುಂಬಿರುತ್ತದೆ. ಕೆಂಪಿನದು, ಹಸಿರಿನದು, ಇದ್ದಿಲಿನ ಕಪ್ಪು, ಉಪ್ಪು ಹಾಕಿದ್ದು, ಲವಂಗ ಹಾಕಿದ್ದು, ಬಿಳಿ ಕೋಟಿನ ಡಾಕ್ಟರು ಹೇಳಿದ್ದು, ಋಷಿಮುನಿಗಳು ಹೇಳಿದ್ದು. ಹತ್ತು ರೂಪಾಯಿಯದೂ ಇದೆ, ಇನ್ನೂರು ದಾಟಿದ್ದೂ ಇದೆ. ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ಎದುರಿನ ಪುಟ್ಟ ಅಂಗಡಿಯಲ್ಲೂ ಏಳೆಂಟು ಬಗೆ ಸಿಗುತ್ತವೆ. ಇಷ್ಟರಲ್ಲಿ ಒಂದನ್ನು ಎತ್ತಿಕೊಳ್ಳಲು ಏನಾದರೂ ಲೆಕ್ಕ ಇರಬೇಕಲ್ಲ? ಬಹಳ ಮಂದಿ ಹೋದ ತಿಂಗಳು ತಂದದ್ದನ್ನೇ ಈ ತಿಂಗಳೂ ತರುತ್ತಾರೆ, ಅಥವಾ ಬ್ರಶ್ ಪುಕ್ಕಟೆ ಕೊಟ್ಟದ್ದನ್ನು ತರುತ್ತಾರೆ.

ಇನ್ನೊಬ್ಬರು: ಲೆಕ್ಕ ಇದೆ, ಆದರೆ ಅದು ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಶುರುವಾಗಬೇಕು. ಕುಡಿಯುವ ನೀರು ಎಲ್ಲಿಯದು ಅನ್ನುವುದು ಮೊದಲ ಪ್ರಶ್ನೆ. ಹಲ್ಲುಜ್ಜುವ ಬಾಯಿ ಎಷ್ಟು ವಯಸ್ಸಿನದು ಅನ್ನುವುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕಿದರೆ ಗೋಡೆಯ ಮೇಲಿನ ಮುಕ್ಕಾಲು ಪಾಲು ಪೆಟ್ಟಿಗೆಗಳನ್ನು ನೋಡುವ ಅಗತ್ಯವೇ ಬೀಳುವುದಿಲ್ಲ. ಉಳಿದವುಗಳಲ್ಲಿ ಅಗ್ಗದ್ದನ್ನು ತಂದರೆ ಸಾಕು. ನನ್ನ ವಾದ ಇಷ್ಟೇ. ಹಾಸನ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕಾದ ಕಾರಣವೂ ಇದೆ. ಹೇಮಾವತಿ ದಂಡೆಯ ಹೊಳೆನರಸೀಪುರದ ನೀರೇ ಬೇರೆ, ಚನ್ನರಾಯಪಟ್ಟಣದಿಂದ ಅರಸೀಕೆರೆ ಕಡೆಗೆ ಹೋಗುವಾಗ ಸಿಗುವ ಕೊಳವೆಬಾವಿಯ ನೀರೇ ಬೇರೆ. ಟಿವಿಯಲ್ಲಿ ಬರುವ ಜಾಹೀರಾತು ಮಾತ್ರ ಎರಡೂ ಕಡೆ ಒಂದೇ.

ಒಬ್ಬರು: ನೀರಿಗೂ ಪೇಸ್ಟಿಗೂ ಏನು ಸಂಬಂಧ? ಬಾಯಿ ಮುಕ್ಕಳಿಸುವುದಕ್ಕೆ ಯಾವ ನೀರಾದರೇನು?

ಇನ್ನೊಬ್ಬರು: ಸಂಬಂಧ ಫ್ಲೋರೈಡಿನದು. ಹಲ್ಲು ಹುಳುಕಾಗುವುದು ಯಾವ ಹುಳದಿಂದಲೂ ಅಲ್ಲ. ಬಾಯೊಳಗಿನ ಬ್ಯಾಕ್ಟೀರಿಯಾ ಸಕ್ಕರೆ, ಬೆಲ್ಲ, ಹಲ್ಲಿಗೆ ಅಂಟಿದ ಬಿಸ್ಕತ್ತಿನ ಹಿಟ್ಟು ಇವನ್ನು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರವಾದ ಎನಾಮಲ್‌ನಿಂದ ಕ್ಯಾಲ್ಸಿಯಮ್ಮನ್ನೂ ಫಾಸ್ಫೇಟನ್ನೂ ಕಿತ್ತುಕೊಂಡು ಹೋಗುತ್ತದೆ. ತಿಂದು ಸ್ವಲ್ಪ ಹೊತ್ತಾದ ಮೇಲೆ ಜೊಲ್ಲು ಅವನ್ನೇ ನಿಧಾನವಾಗಿ ಹಿಂದಕ್ಕೆ ತುಂಬುತ್ತದೆ. ದಿನವಿಡೀ ನಡೆಯುವ ಈ ಕೊಡು-ಕೊಳ್ಳುವಿಕೆಯಲ್ಲಿ ಹಲ್ಲಿನ ಮೇಲೆ ಒಂದಿಷ್ಟು ಫ್ಲೋರೈಡ್ ಇದ್ದರೆ ತುಂಬುವ ಕೆಲಸ ಚುರುಕಾಗುತ್ತದೆ, ತುಂಬಿಕೊಂಡ ಪದರ ಮುಂದಿನ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಪೇಸ್ಟಿನಲ್ಲಿರುವ ಉಳಿದದ್ದೆಲ್ಲ, ಅಂದರೆ ನೊರೆ, ಪುದೀನದ ತಂಪು, ಸಿಹಿ, ಬಣ್ಣ, ಉಜ್ಜಿ ಕೊಳೆ ತೆಗೆಯುವ ಸಣ್ಣ ಪುಡಿ, ಹಲ್ಲುಜ್ಜುವ ಕೆಲಸವನ್ನು ಸಹ್ಯ ಮಾಡುವುದಕ್ಕೆ ಇರುವವು. ಹುಳುಕನ್ನು ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇರುವುದು ಫ್ಲೋರೈಡಿಗೆ. ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆ 2003ರಲ್ಲಿ ಸುಮಾರು 70 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಫ್ಲೋರೈಡ್ ಪೇಸ್ಟ್ ಬಳಸಿದ ಮಕ್ಕಳಲ್ಲಿ ಹುಳುಕು ಸರಾಸರಿ 24 ಶೇಕಡಾ ಕಡಿಮೆ ಎಂದು ಅದು ಕಂಡುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಗಳ ಪಟ್ಟಿಗೇ ಸೇರಿಸಿತು. ಪೇಸ್ಟಿನ ಗೋಡೆಯಲ್ಲಿ ಬೇರೆ ಯಾವ ಪದಾರ್ಥಕ್ಕೂ ಇಷ್ಟು ದೊಡ್ಡ ಸಾಕ್ಷಿ ಇಲ್ಲ.

ಒಬ್ಬರು: ಇಲ್ಲೇ ನನ್ನ ತಕರಾರು. ಫ್ಲೋರೈಡ್ ವಿಷ ಅಂತ ನಮ್ಮ ಕಡೆಯವರಿಗೆ ಯಾರೂ ವಾಟ್ಸಾಪಿನಲ್ಲಿ ಕಳಿಸಬೇಕಾಗಿಲ್ಲ, ಕಣ್ಣಾರೆ ನೋಡಿದ್ದೇವೆ. ಅರಸೀಕೆರೆ ಸೀಮೆಯಲ್ಲಿ ಹಲ್ಲೆಲ್ಲ ಕಂದು ಗೆರೆ ಬಿದ್ದ ಮಕ್ಕಳಿದ್ದಾರೆ. ಚನ್ನರಾಯಪಟ್ಟಣದ ಉತ್ತರ ಭಾಗ ಅದಕ್ಕೆ ಅಂಟಿಕೊಂಡೇ ಇದೆ. ನೀರಿನಲ್ಲಿ ಫ್ಲೋರೈಡ್ ಬಂತು ಅಂತ ಸರ್ಕಾರವೇ ಊರೂರಿಗೆ ಫಿಲ್ಟರ್ ಘಟಕ ಹಾಕುತ್ತದೆ. ಅಂಥವರಿಗೆ ಫ್ಲೋರೈಡ್ ಇರುವ ಪೇಸ್ಟನ್ನೇ ತನ್ನಿ ಅಂತ ಹೇಳುವುದು ಯಾವ ನ್ಯಾಯ?

ಇನ್ನೊಬ್ಬರು: ನ್ಯಾಯವಾದ ತಕರಾರೇ, ಆದ್ದರಿಂದ ಹಗುರವಾಗಿ ತಳ್ಳಿಹಾಕಬಾರದು. ಈ ಸೀಮೆಯ ಕಲ್ಲು ಗ್ರಾನೈಟು, ಗ್ನೈಸ್ ಜಾತಿಯದು. ಅದರೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ಮಳೆ ಕಡಿಮೆಯಾಗಿ, ಆಳದ ಬಿರುಕಿನಲ್ಲಿ ನೀರು ಬಹುಕಾಲ ನಿಂತಷ್ಟೂ ಅದು ನೀರಿಗೆ ಕರಗುತ್ತದೆ. ಬಾವಿ ಆಳವಾದ ಹಾಗೆ ಅಪಾಯ ಹೆಚ್ಚುವುದು ಈ ಕಾರಣಕ್ಕೆ. ಹೊಳೆಯ ನೀರಿಗೆ ಕಲ್ಲಿನೊಂದಿಗೆ ಅಷ್ಟು ಕಾಲದ ಸಹವಾಸ ಇಲ್ಲ, ಹಾಗಾಗಿ ಗೊರೂರಿನ ಹೇಮಾವತಿ ಜಲಾಶಯದ ನೀರಿನಲ್ಲಾಗಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹರಿಯುವ ಕಾವೇರಿಯಲ್ಲಾಗಲಿ ಈ ತೊಂದರೆ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು. ಬೇರೆ ಗತಿ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನದನ್ನು ಚಿಕ್ಕ ವಯಸ್ಸಿನಿಂದ ಕುಡಿದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಆಮೇಲೆ ಕಂದು ಗೆರೆ ಬರುತ್ತವೆ. ಬಹಳ ಹೆಚ್ಚಿದ್ದರೆ ಮೂಳೆಗೂ ತಟ್ಟುತ್ತದೆ. ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ಆಂಧ್ರದ ನೆಲ್ಲೂರು ಕಡೆಯಿಂದ. ವಿಚಿತ್ರ ಏನೆಂದರೆ, ಫ್ಲೋರೈಡ್ ಹಲ್ಲಿಗೆ ಒಳ್ಳೆಯದು ಅನ್ನುವ ಅರಿವು ಹುಟ್ಟಿದ್ದೂ ಇಂಥದೇ ಕಂದು ಹಲ್ಲುಗಳಿಂದ. ಅಮೆರಿಕದ ಕೊಲೊರಾಡೊದಲ್ಲಿ 1901ರ ಹೊತ್ತಿಗೆ ಮೆಕ್‌ಕೇ ಎಂಬ ದಂತವೈದ್ಯ ಊರಿನವರ ಹಲ್ಲಿನ ಕಂದು ಕಲೆಗಳ ಬೆನ್ನು ಹತ್ತಿದ. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾಗಲು 1931 ಬರಬೇಕಾಯಿತು. ಆ ಕಲೆಯ ಹಲ್ಲುಗಳಲ್ಲಿ ಹುಳುಕು ಕಡಿಮೆ ಅನ್ನುವುದು ಮಾತ್ರ ಅಲ್ಲಿಯವರೆಗೂ ಒಗಟಾಗಿತ್ತು.

ಹಾಗಾದರೆ ಪೇಸ್ಟಿನ ಫ್ಲೋರೈಡೂ ನೀರಿನ ಫ್ಲೋರೈಡೂ ಒಂದೇ ತಾನೆ ಎಂದರೆ, ವಸ್ತು ಒಂದೇ, ಹೋಗುವ ದಾರಿ ಬೇರೆ. ಕಲೆ ಬೀಳುವುದು ಹಲ್ಲು ಇನ್ನೂ ದವಡೆಯೊಳಗೆ ಬೆಳೆಯುತ್ತಿರುವಾಗ, ಸುಮಾರು 8 ವರ್ಷದೊಳಗೆ, ನುಂಗಿದ ಫ್ಲೋರೈಡ್ ರಕ್ತದ ಮೂಲಕ ಅಲ್ಲಿಗೆ ತಲುಪಿದಾಗ. ಹುಳುಕು ತಡೆಯುವುದು ಹೊರಗೆ ಬಂದ ಹಲ್ಲಿನ ಮೇಲೆ ಸವರಿ, ಉಗಿದ ಪೇಸ್ಟಿನಿಂದ. ಲೆಕ್ಕ ಹಾಕಿ ನೋಡಿ. ಪೇಸ್ಟಿನ ಕೊಳವೆಯ ಮೇಲೆ 1000 ಪಿಪಿಎಂ ಅಂತ ಬರೆದಿದ್ದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್ ಇದೆ ಎಂದರ್ಥ. ಬಟಾಣಿ ಕಾಳಿನಷ್ಟು ಪೇಸ್ಟ್ ಎಂದರೆ ಸುಮಾರು ಕಾಲು ಗ್ರಾಂ, ಕಾಲು ಮಿಲಿಗ್ರಾಂ ಫ್ಲೋರೈಡ್. ಮಗು ಅದನ್ನು ಒಂದಿಷ್ಟೂ ಉಗಿಯದೆ, ಎರಡು ಹೊತ್ತೂ ಪೂರ್ತಿ ನುಂಗಿದರೂ ಅರ್ಧ ಮಿಲಿಗ್ರಾಂ ಆಯಿತು. ಅದೇ ಮಗು ಲೀಟರಿಗೆ 1.5 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ ಒಂದು ಲೀಟರ್ ಕುಡಿದರೆ ಅದರ ಮೂರರಷ್ಟು ಹೊಟ್ಟೆಗೆ ಹೋಗುತ್ತದೆ, ಅನ್ನ ಸಾರು ಮಾಡಿದ ನೀರನ್ನು ಬಿಟ್ಟು. ಇನ್ನು ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಶ್ಶಿನ ಉದ್ದಕ್ಕೂ ಅಲೆ ಅಲೆಯಾಗಿ ಪೇಸ್ಟ್ ಹಾಕಿದರೆ ಅದೇ ಒಂದು ಗ್ರಾಂ ದಾಟುತ್ತದೆ. ಎರಡು ಹೊತ್ತೂ ನುಂಗಿದರೆ ನೀರನ್ನೂ ಮೀರಿಸುತ್ತದೆ. ಆದ್ದರಿಂದ ಫ್ಲೋರೈಡ್ ನೀರಿನ ಊರಿನಲ್ಲಿ ಮೊದಲು ಬದಲಾಗಬೇಕಾದದ್ದು ಬಿಂದಿಗೆಯ ನೀರು, ಎರಡನೆಯದು ಬ್ರಶ್ಶಿಗೆ ಹಾಕುವ ಪ್ರಮಾಣ. ದೊಡ್ಡವರ ಹಲ್ಲು ಬೆಳೆದು ಮುಗಿದಿದೆ, ಅವರು ಉಗಿಯಲೂ ಬಲ್ಲರು. ಅವರು ಫ್ಲೋರೈಡ್ ಪೇಸ್ಟ್ ಬಿಡಬೇಕಾದ ಕಾರಣವೇ ಇಲ್ಲ.

ಒಬ್ಬರು: ಈಗ ಎಷ್ಟೋ ಊರಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಬಂದಿದೆಯಲ್ಲ. ಅಂದಮೇಲೆ ಚನ್ನರಾಯಪಟ್ಟಣದವರೂ ಹೊಳೆನರಸೀಪುರದವರೂ ಒಂದೇ ಆದರಲ್ಲವೇ?

ಇನ್ನೊಬ್ಬರು: ಕ್ಯಾನ್ ನೀರು ಕುಡಿಯುವವರ ಮಟ್ಟಿಗೆ ನಿಜ, ಹಾಗಾಗಿಯೇ ತಾಲ್ಲೂಕಿನ ಹೆಸರು ಹೇಳಿ ಪೇಸ್ಟ್ ಹೇಳುವುದಕ್ಕೂ ಆಗುವುದಿಲ್ಲ. ಆ ಘಟಕದ ಆರ್‌ಒ ಯಂತ್ರ ಫ್ಲೋರೈಡಿನ ಬಹುಪಾಲನ್ನು ತೆಗೆದುಬಿಡುತ್ತದೆ. ಒಂದೇ ಬೀದಿಯಲ್ಲಿ ಒಂದು ಮನೆಗೆ ಕ್ಯಾನ್ ಬರುತ್ತದೆ, ಪಕ್ಕದ ಮನೆಯಲ್ಲಿ ಕೊಳವೆಬಾವಿಯ ನಲ್ಲಿ ನೀರನ್ನೇ ಕುಡಿಯುತ್ತಾರೆ. ಕ್ಯಾನಿನ ಮನೆಯ ಮಗುವಿಗೆ ನೀರಿನಿಂದ ಫ್ಲೋರೈಡ್ ಹೆಚ್ಚೇನೂ ಸಿಗುವುದಿಲ್ಲ, ಅದರ ಹಲ್ಲಿಗೆ ಪೇಸ್ಟಿನಲ್ಲಿರುವುದೇ ಆಸರೆ. ಹಾಗಿರುವಾಗ ‘ನಮ್ಮದು ಫ್ಲೋರೈಡ್ ಸೀಮೆ’ ಎಂದು ಹೆದರಿ ಫ್ಲೋರೈಡ್ ಇಲ್ಲದ ಪೇಸ್ಟ್ ತಂದರೆ ಎರಡೂ ಕಡೆಯಿಂದ ಕೈ ತಪ್ಪಿತು, ಜೊತೆಗೆ ಬಿಸ್ಕತ್ತು, ಚಾಕೊಲೇಟು ಮಾತ್ರ ಹಾಸನದ ಮಕ್ಕಳಷ್ಟೇ ತಿನ್ನುತ್ತದೆ. ಪಕ್ಕದ ಮನೆಯಲ್ಲಿ ಲೆಕ್ಕವೇ ಬೇರೆ. ಇನ್ನೂ ಒಂದು ವಿಷಯ, ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅನ್ನುವ ನಂಬಿಕೆ ಇದೆ. ಹೋಗುವುದಿಲ್ಲ. ಕುದಿದು ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಕುಡಿಯುವುದಕ್ಕೆ ಕ್ಯಾನ್, ಮುದ್ದೆಯ ಎಸರಿಗೆ ಕೊಳವೆಬಾವಿ ಅನ್ನುವ ಮನೆಗಳು ಇದನ್ನು ಗಮನಿಸಬೇಕು.

ನೀರಿನಲ್ಲಿ ಎಷ್ಟಿದೆ ಎಂದು ತಿಳಿಯುವುದು ಈಗ ದೊಡ್ಡ ಸಾಹಸವೇನೂ ಅಲ್ಲ. ಜಲ ಜೀವನ್ ಮಿಷನ್ ಬಂದ ಮೇಲೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ನೀರು ಪರೀಕ್ಷೆಯ ಕಿಟ್‌ಗಳನ್ನು ಕೊಟ್ಟು, ಊರಿನ ಹೆಂಗಸರಿಗೆ ತರಬೇತಿ ಕೊಡುವ ಏರ್ಪಾಡು ಆಗಿದೆ. ಒಂದು ಸಣ್ಣ ನಳಿಕೆಯಲ್ಲಿ ನೀರು ಹಿಡಿದು ದ್ರಾವಣದ ಹನಿ ಬಿಟ್ಟರೆ ಬಣ್ಣ ಬರುತ್ತದೆ. ಸಾಮಾನ್ಯವಾಗಿ ಗುಲಾಬಿಯಿಂದ ಹಳದಿಯ ಕಡೆಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಪಕ್ಕದಲ್ಲಿರುವ ಬಣ್ಣದ ಪಟ್ಟಿಗೆ ಹೋಲಿಸಿ ಓದುವುದು. ಇದು ಪ್ರಯೋಗಾಲಯದಷ್ಟು ಕರಾರುವಾಕ್ಕಲ್ಲ, ಆದರೆ ಮಗುವಿನ ಬ್ರಶ್ಶಿಗೆ ಅಕ್ಕಿಕಾಳಿನಷ್ಟೋ ಬಟಾಣಿಯಷ್ಟೋ ಎಂದು ತೀರ್ಮಾನಿಸುವುದಕ್ಕೆ ಸಾಕು.

ಒಬ್ಬರು: ಮಕ್ಕಳಿಗೆ ಅಂತಲೇ ಕಾರ್ಟೂನಿನ ಪೇಸ್ಟ್ ಬರುತ್ತದಲ್ಲ, ಸ್ಟ್ರಾಬೆರಿ ರುಚಿಯದು. ಅದನ್ನು ತಂದರೆ ಈ ತಲೆನೋವೇ ಇಲ್ಲ.

ಇನ್ನೊಬ್ಬರು: ಅದರಲ್ಲಿ ಕೆಲವಕ್ಕೆ ಫ್ಲೋರೈಡೇ ಇಲ್ಲ, ಕೆಲವದರಲ್ಲಿ 500 ಪಿಪಿಎಂ ಸುತ್ತ ಇದೆ. ಕಾಕ್ರೇನ್ 2019ರಲ್ಲಿ ಮತ್ತೆ ಪರಿಶೀಲಿಸಿದಾಗ ಸಾವಿರ ಮತ್ತು ಅದಕ್ಕಿಂತ ಮೇಲಿನ ಪೇಸ್ಟಿಗೆ ಸಾಕ್ಷಿ ಗಟ್ಟಿಯಾಗಿ ಸಿಕ್ಕಿತು, ಅದಕ್ಕಿಂತ ಕಡಿಮೆಯದಕ್ಕೆ ಅಷ್ಟು ಸಿಗಲಿಲ್ಲ. ಅದರ ಮೇಲೆ ಸ್ಟ್ರಾಬೆರಿ ರುಚಿ ಇದ್ದರೆ ಮಗು ಉಗಿಯುವುದಿಲ್ಲ, ಚಪ್ಪರಿಸುತ್ತದೆ. ನದಿ ನೀರಿನ ಅಥವಾ ಕ್ಯಾನ್ ನೀರಿನ ಮನೆಯಲ್ಲಿ ದೊಡ್ಡವರ 1000 ಪಿಪಿಎಂ ಪೇಸ್ಟನ್ನೇ ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು, ದೊಡ್ಡವರೇ ಹಚ್ಚಿ ಪಕ್ಕದಲ್ಲಿ ನಿಂತು ಉಗಿಸಿದರೆ ಸಾಕು. ನೀರಿನಲ್ಲೇ ಫ್ಲೋರೈಡ್ ಮಿತಿ ಮೀರಿದ್ದು, ಬೇರೆ ನೀರು ತರುವ ಅನುಕೂಲವೂ ಇಲ್ಲದ ಮನೆಯಲ್ಲಿ ಮಾತ್ರ ಚಿಕ್ಕ ಮಗುವಿಗೆ ಕಡಿಮೆ ಫ್ಲೋರೈಡಿನದನ್ನು ದಂತವೈದ್ಯರನ್ನು ಕೇಳಿ ಕೊಡಬೇಕು. ಹಾಸನದಲ್ಲಿ ದಂತವೈದ್ಯಕೀಯ ಕಾಲೇಜೇ ಇದೆ. ಅಂಥ ಕಡೆ ಕೇಳುವುದಕ್ಕೆ ಖಾಸಗಿ ಕ್ಲಿನಿಕ್ಕಿನಷ್ಟು ದುಡ್ಡೂ ಬೇಕಾಗುವುದಿಲ್ಲ.

ಒಬ್ಬರು: ಇಷ್ಟೆಲ್ಲ ಪಿಪಿಎಂ ಬರುವ ಮೊದಲೂ ಜನಕ್ಕೆ ಹಲ್ಲಿತ್ತು. ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಇದ್ದಿಲು, ಉಪ್ಪು. ಅದು ಬಿಟ್ಟರೆ ನಂಜನಗೂಡಿನ ಗುಲಾಬಿ ಬಣ್ಣದ ಹಲ್ಲುಪುಡಿ. 1913ರಲ್ಲಿ ಶುರುವಾದ ಸದ್ವೈದ್ಯಶಾಲೆಯ ಆ ಪುಡಿಯಲ್ಲಿ ಹಳೇ ಮೈಸೂರಿನ ಎಷ್ಟು ತಲೆಮಾರು ಹಲ್ಲುಜ್ಜಿತು! ಎಂಬತ್ತರ ಅಜ್ಜಂದಿರು ಕಬ್ಬು ಸಿಗಿಯುತ್ತಿದ್ದರು.

ಇನ್ನೊಬ್ಬರು: ಕಬ್ಬು ಸಿಗಿಯುತ್ತಿದ್ದ ಅಜ್ಜಂದಿರು ನೆನಪಿನಲ್ಲಿ ಉಳಿದರು. ಐವತ್ತಕ್ಕೇ ಬೊಚ್ಚು ಬಾಯಾಗಿ ಎಲೆಯಡಿಕೆಯನ್ನು ಕುಟ್ಟಣಿಯಲ್ಲಿ ಕುಟ್ಟಿಕೊಳ್ಳುತ್ತಿದ್ದವರನ್ನು ಲೆಕ್ಕದಲ್ಲಿ ಬಿಡುತ್ತೇವೆ. ಕುಟ್ಟಣಿ ಮನೆಮನೆಯಲ್ಲೂ ಇದ್ದದ್ದು ಯಾಕೆ? ಅಂದಿನ ಊಟದಲ್ಲಿ ರಾಗಿ, ಹುರುಳಿ, ಅವರೆ, ಸೊಪ್ಪು ಇತ್ತು, ಸಿಹಿ ಹಬ್ಬಕ್ಕೆ ಮಾತ್ರ. ಐದು ರೂಪಾಯಿ ಬಿಸ್ಕತ್ತು ಪ್ಯಾಕೆಟ್ಟು, ದಿನಕ್ಕೆ ಮೂರು ಲೋಟ ಸಕ್ಕರೆ ಕಾಫಿ ಇರಲಿಲ್ಲ. ಅಂದರೆ ಅಂದಿನ ಹಲ್ಲು ಉಳಿದಿದ್ದರೆ ಅದರ ಕೀರ್ತಿಯಲ್ಲಿ ದೊಡ್ಡ ಪಾಲು ಅಂದಿನ ಊಟಕ್ಕೆ ಸಲ್ಲಬೇಕು. ಆ ಊಟವನ್ನು ಬಿಟ್ಟು ಆ ಕಡ್ಡಿಯನ್ನು ಮಾತ್ರ ಇಟ್ಟುಕೊಂಡರೆ ಅದೇ ಫಲ ಬರಲಾರದು. ಬೇವಿನ ಕಡ್ಡಿಯನ್ನು ನಾನು ತೆಗೆದುಹಾಕುವುದಿಲ್ಲ. ಚೆನ್ನಾಗಿ ಅಗಿದು ಕುಂಚ ಮಾಡಿಕೊಂಡರೆ ಹಲ್ಲಿನ ಮೇಲಿನ ಪೊರೆ ತೆಗೆಯುತ್ತದೆ, ಖರ್ಚೂ ಇಲ್ಲ. ಕಡ್ಡಿಯಲ್ಲಿ ಉಜ್ಜಿ ಆಮೇಲೆ ಬೆರಳಿನಲ್ಲಿ ಒಂದಿಷ್ಟು ಫ್ಲೋರೈಡ್ ಪೇಸ್ಟ್ ಸವರಿಕೊಂಡರೆ ಎರಡೂ ಸಿಕ್ಕಿತು. ತಕರಾರು ಇರುವುದು ಒರಟು ಪುಡಿಗಳ ಬಗ್ಗೆ. ಇಟ್ಟಿಗೆ ಪುಡಿ, ಬೂದಿ, ಕಾವಿಮಣ್ಣು ಬೆರೆಸಿದ ಕೆಂಪು ಪುಡಿ, ಒರಟಾದ ಇದ್ದಿಲು ಇವನ್ನು ಬೆರಳಿನಲ್ಲಿ ಒತ್ತಿ ಅಡ್ಡಡ್ಡ ಉಜ್ಜಿದರೆ ವಸಡಿನ ಬುಡದಲ್ಲಿ ಹಲ್ಲು ಸವೆದು, ಉಗುರು ಸಿಕ್ಕುವಷ್ಟು ಕಚ್ಚು ಬೀಳುತ್ತದೆ. ಆಮೇಲೆ ತಣ್ಣೀರು ಕುಡಿದರೆ ಜುಂ ಎನ್ನುತ್ತದೆ. ಎನಾಮಲ್ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಈಗ ಇದ್ದಿಲನ್ನೇ ಕಪ್ಪು ಪೇಸ್ಟಾಗಿಸಿ ದುಬಾರಿ ಬೆಲೆಗೆ ಮಾರುತ್ತಾರೆ. ಒಲೆಯಲ್ಲಿ ಪುಕ್ಕಟೆ ಸಿಗುತ್ತಿದ್ದದ್ದಕ್ಕೆ ದುಡ್ಡು ಕೊಡುವ ಕಾಲ ಬಂತು, ಇರಲಿ.

ಒಬ್ಬರು: ಹಾಗಾದರೆ ಆಯುರ್ವೇದದ ಪೇಸ್ಟ್ ಎಲ್ಲ ಬರೀ ಬೊಗಳೆ ಅನ್ನುತ್ತೀರಾ? ಇಪ್ಪತ್ತು ಮೂಲಿಕೆಯ ಹೆಸರು ಬರೆದಿರುತ್ತಾರೆ.

ಇನ್ನೊಬ್ಬರು: ಬೊಗಳೆ ಅನ್ನುವುದಿಲ್ಲ. ಲವಂಗದ ಎಣ್ಣೆ ನೋವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಪುದೀನ ಬಾಯಿವಾಸನೆ ಮುಚ್ಚುತ್ತದೆ, ಬೇವು ಬ್ಯಾಕ್ಟೀರಿಯಾಕ್ಕೆ ಅಷ್ಟಿಷ್ಟು ಅಡ್ಡಿ. ಬ್ರಶ್ ಸರಿಯಾಗಿ ಆಡಿಸಿದರೆ ವಸಡಿನ ಮಟ್ಟಿಗೆ ಯಾವ ಪೇಸ್ಟಾದರೂ ಹೆಚ್ಚು ಕಡಿಮೆ ಆಗುವುದಿಲ್ಲ. ಅಷ್ಟೇಕೆ, ಸಿಹಿ ತಿನ್ನದ, ಒಂದೂ ಹುಳುಕಿಲ್ಲದ ದೊಡ್ಡವರೊಬ್ಬರು ಮೂಲಿಕೆಯ ಪೇಸ್ಟನ್ನೇ ಬಳಸುತ್ತಿದ್ದರೆ ಅದನ್ನು ಕಿತ್ತು ಎಸೆಯಿರಿ ಎನ್ನಲು ನನ್ನಲ್ಲಿ ಕಾರಣ ಇಲ್ಲ. ಆದರೆ ಅವುಗಳಲ್ಲಿ ಬಹಳಷ್ಟಕ್ಕೆ ಫ್ಲೋರೈಡ್ ಇಲ್ಲ, ಹುಳುಕು ತಡೆಯುವ ವಿಷಯದಲ್ಲಿ ಅವುಗಳ ಪರ ಫ್ಲೋರೈಡಿಗೆ ಇರುವಂಥ ಸಾಕ್ಷಿಯೂ ಇಲ್ಲ. ಶಾಲೆಗೆ ಹೋಗುವ ಮಕ್ಕಳಿರುವ ಮನೆ, ಹುಳುಕು ತುಂಬಿಸಿಕೊಂಡವರಿರುವ ಮನೆ ಇವು ಮುಂಭಾಗದ ಎಲೆಯ ಚಿತ್ರ ನೋಡಿ ಕೊಳ್ಳಬಾರದು. ಕೊಳವೆಯನ್ನು ತಿರುಗಿಸಿ ಹಿಂದೆ ಓದಬೇಕು. ಸೋಡಿಯಂ ಮೋನೋಫ್ಲೋರೋಫಾಸ್ಫೇಟ್ ಅಂತಲೋ, ಸೋಡಿಯಂ ಫ್ಲೋರೈಡ್ ಅಂತಲೋ, ಸ್ಟ್ಯಾನಸ್ ಫ್ಲೋರೈಡ್ ಅಂತಲೋ ಇರಬೇಕು, ಪಕ್ಕದಲ್ಲಿ ಪಿಪಿಎಂ ಅಂಕಿ ಇರಬೇಕು. ಹಸಿರು ಎಲೆಯ ಪಕ್ಕದಲ್ಲೇ ಫ್ಲೋರೈಡೂ ಇದ್ದರೆ ಅದನ್ನೂ ಧಾರಾಳವಾಗಿ ತರಬಹುದು. ಅಂದಹಾಗೆ, ಕೊಳವೆಯ ತುದಿಯಲ್ಲಿರುವ ಬಣ್ಣದ ಪಟ್ಟಿ ನೋಡಿ ಹಸಿರಾದರೆ ಸಹಜ, ಕಪ್ಪಾದರೆ ರಾಸಾಯನಿಕ ಅನ್ನುವ ಮಾತು ಹಬ್ಬಿದೆ. ಅದು ಕಾರ್ಖಾನೆಯ ಯಂತ್ರದ ಬೆಳಕಿನ ಕಣ್ಣಿಗೆ ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಎಂದು ತೋರಿಸುವ ಗುರುತು. ಒಳಗಿರುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಒಬ್ಬರು: ಅರಕಲಗೂಡು ಕಡೆಯ ಸಮಸ್ಯೆ ಬೇರೆ. ಅಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ, ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆಯೇ ಇದೆ. ಎಲೆಯಡಿಕೆ, ಕಡ್ಡಿಪುಡಿ ಹಾಕಿ ಹಾಕಿ ಹಲ್ಲು ಕೆಂಪು, ಕಪ್ಪು. ಅವರಿಗೆ ಬೇಕಿರುವುದು ಬೆಳ್ಳಗಾಗಿಸುವ ಪೇಸ್ಟ್. ಫ್ಲೋರೈಡ್ ಹಿಡಿದುಕೊಂಡು ಏನು ಮಾಡಲಿ ಅಂತ ಕೇಳುತ್ತಾರೆ.

ಇನ್ನೊಬ್ಬರು: ಬಿಳುಪಿನ ಪೇಸ್ಟಿನಲ್ಲಿ ಜಾಸ್ತಿ ನಡೆಯುವುದು ಉಜ್ಜಾಟ. ಮೇಲ್ಮೈಯ ಅಡಿಕೆ ಕಲೆಯನ್ನು ಸ್ವಲ್ಪ ತೆಗೆಯುತ್ತದೆ, ಮರುದಿನ ಎಲೆ ಹಾಕಿದರೆ ಮತ್ತೆ ಬರುತ್ತದೆ. ಗಟ್ಟಿ ಕಟ್ಟಿದ ಕಿಟ್ಟವನ್ನು ದಂತವೈದ್ಯರು ಒಮ್ಮೆ ಕೆರೆದು ತೆಗೆಯುವುದು ವರ್ಷಗಟ್ಟಲೆ ಬಿಳುಪಿನ ಪೇಸ್ಟ್ ತರುವುದಕ್ಕಿಂತ ಅಗ್ಗ. ಇನ್ನು ಅಡಿಕೆಯನ್ನೂ ತಾಂಬೂಲವನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಕ್ಯಾನ್ಸರ್ ತರುವವುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಆ ಬಾಯಿಗೆ ಹಲ್ಲಿನ ಬಣ್ಣಕ್ಕಿಂತ ಕೆನ್ನೆಯೊಳಗಿನ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು ದೊಡ್ಡ ಚಿಂತೆ. ತಂಬಾಕನ್ನೇ ಹಲ್ಲುಪುಡಿಗೆ, ಪೇಸ್ಟಿಗೆ ಬೆರೆಸಿ ಮಾರುವುದನ್ನು ಕೇಂದ್ರ ಸರ್ಕಾರ 1992ರಲ್ಲಿ ನಿಷೇಧಿಸಿತು. ಹಲ್ಲುಜ್ಜುವ ನೆಪದಲ್ಲಿ ಕಡ್ಡಿಪುಡಿ ತಿಕ್ಕುವುದನ್ನು ಮಾತ್ರ ಯಾವ ಕಾನೂನೂ ಮನೆಯೊಳಗೆ ಬಂದು ತಡೆಯಲಾರದು.

ಬಿಳುಪಿನ ಆಸೆ ನಿಜಕ್ಕೂ ಹಾಳುಮಾಡುವುದು ಫ್ಲೋರೈಡ್ ಕಲೆಯ ಹಲ್ಲಿನವರನ್ನು. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ಹುಡುಗ ಹುಡುಗಿಯರು ಕಾಲೇಜಿಗೆ ಬಂದಾಗ, ಮದುವೆಯ ಮಾತು ಬಂದಾಗ ಈ ಕಲೆಗೆ ಕುಗ್ಗುತ್ತಾರೆ. ನಗುವಾಗ ಬಾಯಿಗೆ ಕೈ ಅಡ್ಡ ಬರುತ್ತದೆ. ಆಗ ಒರಟು ಪುಡಿ, ಅಡುಗೆ ಸೋಡ, ನಿಂಬೆರಸ, ಇದ್ದಿಲಿನ ಪೇಸ್ಟ್ ಒಂದಾದ ಮೇಲೊಂದು ಉಜ್ಜುತ್ತಾರೆ. ಆ ಕಲೆ ಹಲ್ಲು ರೂಪುಗೊಳ್ಳುವಾಗಲೇ ಎನಾಮಲ್ ಒಳಗೆ ಸೇರಿಕೊಂಡದ್ದು. ಯಾವ ಪೇಸ್ಟೂ ಅದನ್ನು ತೆಗೆಯಲಾರದು. ನಿಂಬೆರಸದ ಆಮ್ಲಕ್ಕೆ ಎನಾಮಲ್ ಕರಗುತ್ತದೆ, ಆಮೇಲೆ ಜುಮ್ಮೆನ್ನುವ ಹಲ್ಲಿಗೆ ಇನ್ನೊಂದು ದುಬಾರಿ ಪೇಸ್ಟ್ ಕೊಳ್ಳಬೇಕಾಗುತ್ತದೆ. ದಂತವೈದ್ಯರ ಬಳಿ ಇದಕ್ಕೆ ಬೇರೆ ದಾರಿಗಳಿವೆ, ಮೇಲ್ಪದರವನ್ನು ತುಸು ತೆಗೆಯುವುದು, ಹಲ್ಲಿನ ಬಣ್ಣದ ಲೇಪ ಕೂರಿಸುವುದು ಇಂಥವು. ಪೇಸ್ಟಿನ ಅಂಗಡಿಯಲ್ಲಿ ಇದಕ್ಕೆ ಉತ್ತರ ಹುಡುಕುವುದೇ ತಪ್ಪು.

ಒಬ್ಬರು: ಎಲ್ಲ ಸರಿ, ಕೊನೆಗೆ ದುಡ್ಡಿನ ಮಾತು. ಸಂತೆಯಲ್ಲಿ ಹತ್ತು ರೂಪಾಯಿ ಕೊಳವೆ ಕೊಳ್ಳುವವರಿಗೆ ನಿಮ್ಮ ಲೆಕ್ಕ ದುಬಾರಿ ಆಗುವುದಿಲ್ಲವೇ?

ಇನ್ನೊಬ್ಬರು: ಅಗ್ಗವಾಗುತ್ತದೆ. ಬಟಾಣಿಯಷ್ಟು ಎರಡು ಹೊತ್ತು ಎಂದರೆ ದಿನಕ್ಕೆ ಅರ್ಧ ಗ್ರಾಂ. 100 ಗ್ರಾಮಿನ ಕೊಳವೆ ಒಬ್ಬರಿಗೆ 200 ದಿನ, ನಾಲ್ವರ ಮನೆಗೆ 50 ದಿನ ಬರಬೇಕು. ಅದು ಹದಿನೈದು ದಿನಕ್ಕೇ ಮುಗಿದರೆ ದುಡ್ಡು ಹಲ್ಲಿಗೆ ಹೋಗಲಿಲ್ಲ, ಬಚ್ಚಲಿಗೆ ಹೋಯಿತು. ಸಾದಾ ಫ್ಲೋರೈಡ್ ಪೇಸ್ಟ್ 100 ಗ್ರಾಮಿಗೆ 60 ರೂಪಾಯಿ ಎಂದಿಟ್ಟುಕೊಂಡರೆ ಒಬ್ಬರಿಗೆ ದಿನಕ್ಕೆ 30 ಪೈಸೆ. ಹತ್ತು ರೂಪಾಯಿಯ ಕೊಳವೆಯ ಕಷ್ಟ ಏನೆಂದರೆ ಬೆಲೆ ಹಾಗೇ ಇಟ್ಟು ಒಳಗಿನ ಗ್ರಾಂ ಇಳಿಸುತ್ತಾ ಹೋಗುತ್ತಾರೆ. ಕೈಗೆ ತೂಕ ತಿಳಿಯುವುದಿಲ್ಲ. ಪೊಟ್ಟಣದ ಸರಕಿನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ಈಗ ಪ್ರತಿ ಗ್ರಾಮಿಗೆ ಎಷ್ಟು ಬಿತ್ತು ಎಂಬುದನ್ನೂ ಪೆಟ್ಟಿಗೆಯ ಮೇಲೆ ಮುದ್ರಿಸಬೇಕು. ಎಂಆರ್‌ಪಿ ಪಕ್ಕದಲ್ಲೇ ಸಣ್ಣಗೆ ಇರುತ್ತದೆ. ಹೋಲಿಸಬೇಕಾದದ್ದು ಆ ಅಂಕಿಯನ್ನು. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಅನ್ನುವುದೂ ಆ ಅಂಕಿ ನೋಡಿದಾಗ ಕೆಲವೊಮ್ಮೆ ಸುಳ್ಳಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಪೇಸ್ಟಿನ ಜಿಎಸ್‌ಟಿ 18 ಶೇಕಡಾದಿಂದ 5ಕ್ಕೆ ಇಳಿದಿದೆ. ಮೂಲ ಬೆಲೆ 100 ಇದ್ದದ್ದು ತೆರಿಗೆ ಸೇರಿ 118 ಆಗುತ್ತಿತ್ತು, ಈಗ 105 ಆಗಬೇಕು. ಹಳೆಯ ಬೆಲೆಯನ್ನೇ ಕೇಳಿದರೆ ಪೆಟ್ಟಿಗೆ ತಿರುಗಿಸಿ ತಯಾರಿಕೆಯ ತಿಂಗಳು ನೋಡಬಹುದು.

ಒಬ್ಬರು: ಒಂದು ಮನೆಯಲ್ಲಿ ಐದು ಬಾಯಿ ಇದ್ದರೆ ಐದು ಪೇಸ್ಟೇ?

ಇನ್ನೊಬ್ಬರು: ಒಂದೇ ಸಾಕು, ಪ್ರಮಾಣ ಬೇರೆ ಬೇರೆ. ಹಲ್ಲು ಜುಮ್ಮೆನ್ನುವವರಿದ್ದರೆ ಅವರಿಗೆ ಮಾತ್ರ ಎರಡನೆಯದು, ಪೊಟಾಸಿಯಂ ನೈಟ್ರೇಟ್ 5 ಶೇಕಡಾ ಇರುವುದೋ ಸ್ಟ್ಯಾನಸ್ ಫ್ಲೋರೈಡ್ ಇರುವುದೋ ಆಗಬಹುದು. 100 ಗ್ರಾಮಿಗೆ 200 ರೂಪಾಯಿ ಎಂದರೂ ದಿನಕ್ಕೆ ಒಂದು ರೂಪಾಯಿ. ಅದು ಕೆಲಸ ತೋರಿಸಲು ಎರಡು ಮೂರು ವಾರ ಬೇಕು. ಮೂರು ದಿನ ನೋಡಿ ಬಿಟ್ಟುಬಿಟ್ಟರೆ ಒಂದು ರೂಪಾಯಿಯೂ ದಂಡ. ಒಂದೇ ಹಲ್ಲು ಬಿಸಿಗೆ ನೋಯುತ್ತಿದ್ದರೆ, ರಾತ್ರಿ ಎಚ್ಚರ ಮಾಡಿಸುತ್ತಿದ್ದರೆ ಅದು ಪೇಸ್ಟಿನ ವಿಷಯವೇ ಅಲ್ಲ, ಹುಳುಕು ನರದ ಹತ್ತಿರ ಹೋಗಿದೆ. ಕಟ್ಟಿಸಿದ ಹಲ್ಲಿನ ಸೆಟ್ ಇರುವ ಅಜ್ಜಿಗೆ ಪೇಸ್ಟ್ ಬೇಡವೇ ಬೇಡ. ಪೇಸ್ಟಿನ ಪುಡಿ ಸೆಟ್ಟಿನ ಮೇಲೆ ಗೀರು ಹಾಕುತ್ತದೆ, ಮೆದು ಬ್ರಶ್ಶಿನಲ್ಲಿ ಸಾದಾ ಸೋಪಿನ ನೀರು ಸಾಕು.

ಒಬ್ಬರು: ಹಿಂಭಾಗ ಓದಿ ಅಂದಿರಿ. ಇರುವೆಯಂಥ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಅರಕಲಗೂಡಿನ ಸಂತೆಯಲ್ಲಿ ನಿಂತು ಯಾರು ಓದುತ್ತಾರೆ?

ಇನ್ನೊಬ್ಬರು: ಒಪ್ಪಿದೆ, ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಸೌಂದರ್ಯವರ್ಧಕಗಳ ನಿಯಮದಲ್ಲಿ ಫ್ಲೋರೈಡ್ ಪೇಸ್ಟಿಗೆಂದೇ ಒಂದು ಕಲಮು ಇದೆ. ಫ್ಲೋರೈಡ್ 1000 ಪಿಪಿಎಂ ಮೀರಬಾರದು, ಎಷ್ಟಿದೆ ಎಂಬುದನ್ನು ಕೊಳವೆ ಮತ್ತು ಪೆಟ್ಟಿಗೆ ಎರಡರ ಮೇಲೂ ಬರೆಯಬೇಕು, ಅವಧಿ ಮುಗಿಯುವ ದಿನಾಂಕವನ್ನೂ ಹಾಕಬೇಕು ಎನ್ನುತ್ತದೆ. ಈ ದಿನಾಂಕವನ್ನು ಹಗುರವಾಗಿ ಕಾಣಬಾರದು. ಅಗ್ಗದ ಪೇಸ್ಟುಗಳಲ್ಲಿ ಉಜ್ಜುವ ಪುಡಿಯಾಗಿ ಸೀಮೆಸುಣ್ಣದ ಜಾತಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ಸಾದಾ ಸೋಡಿಯಂ ಫ್ಲೋರೈಡ್ ಹಾಕಿದರೆ ಈ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟು ನಿಷ್ಪ್ರಯೋಜಕ ಮಾಡುತ್ತದೆ. ಅದಕ್ಕೇ ಅಂಥವುಗಳಿಗೆ ಮೋನೋಫ್ಲೋರೋಫಾಸ್ಫೇಟ್ ಹಾಕುತ್ತಾರೆ. ಅದೂ ಬಿಸಿಲಿನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತರೆ ನಿಧಾನವಾಗಿ ಬಿಡಿಬಿಡಿಯಾಗಿ, ಉಪಯೋಗಕ್ಕೆ ಸಿಗುವ ಫ್ಲೋರೈಡ್ ಇಳಿಯುತ್ತದೆ. ಕೊಳವೆಯ ಮೇಲೆ ‘ತುಂಬುವಾಗ 1000 ಪಿಪಿಎಂ’ ಎಂಬ ಅರ್ಥ ಬರುವಂತೆ ಬರೆದಿರುವುದು ಆ ಕಾರಣಕ್ಕೆ. ಆದ್ದರಿಂದ ಹಳ್ಳಿ ಅಂಗಡಿಯಲ್ಲಿ ಧೂಳು ಹಿಡಿದ ಪೆಟ್ಟಿಗೆಗಿಂತ ಬೇಗ ಖರ್ಚಾಗುವ ಅಂಗಡಿಯ ಹೊಸ ಸರಕು ವಾಸಿ. ಓದುವುದಕ್ಕೆ ಮನೆಯ ಹುಡುಗರ ಫೋನಿನ ಕ್ಯಾಮೆರಾ ಇದೆ, ಒಮ್ಮೆ ಓದಿ ಹೆಸರು ನೆನಪಿಟ್ಟುಕೊಂಡರೆ ಸಾಕು.

ಒಬ್ಬರು: ವಿಶ್ವ ಆರೋಗ್ಯ ಸಂಸ್ಥೆ ಎಷ್ಟಿರಬೇಕು ಎನ್ನುತ್ತದೆ?

ಇನ್ನೊಬ್ಬರು: ಅದರ ಪಟ್ಟಿಯಲ್ಲಿ 1000ದಿಂದ 1500 ಪಿಪಿಎಂ. ನಮ್ಮ ನಿಯಮ ಮೇಲ್ಮಿತಿ ಎಂದು ಹಾಕಿರುವುದೇ ಅಲ್ಲಿ ಕೆಳಮಿತಿ. ಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ದೇಶ ಎಚ್ಚರಿಕೆಯಿಂದ ಹಾಗೆ ಇಟ್ಟಿರಬಹುದು, ಅದನ್ನು ತಪ್ಪೆನ್ನಲಾರೆ. ಆದರೆ ಆ ಕಲಮಿನಲ್ಲಿ ಇಷ್ಟಾದರೂ ಇರಲೇಬೇಕು ಎಂಬ ಮಾತಿಲ್ಲ, ಇಲ್ಲದಿದ್ದರೆ ‘ಫ್ಲೋರೈಡ್ ಇಲ್ಲ’ ಎಂದು ಕನ್ನಡದಲ್ಲಿ ಎದ್ದು ಕಾಣುವಂತೆ ಬರೆಯಬೇಕು ಎಂಬ ಮಾತೂ ಇಲ್ಲ.

ಒಬ್ಬರು: ಆ ಮಾತು ಕಲಮಿಗೆ ಸೇರುವವರೆಗೆ?

ಇನ್ನೊಬ್ಬರು: ಅಲ್ಲಿಯವರೆಗೆ ಪಂಚಾಯಿತಿಯಲ್ಲಿ ನೀರಿನ ಕಿಟ್ ಯಾರ ಹತ್ತಿರ ಇದೆ ಎಂದು ಕೇಳಿ, ಆಮೇಲೆ ಅಂಗಡಿಗೆ ಹೋಗಿ.